ಕಟ್ಟಡಕ್ಕಿಂತ ಮೊದಲು ಕಟ್ಟಳೆ: ಇತಿಹಾಸ ವಸ್ತುಸಂಗ್ರಹಾಲಯ ಮತ್ತು ಗ್ರಾಮ ಪಂಚಾಯಿತಿ

(ನಿಡಘಟ್ಟದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ಕುಡಿಯುವ ನೀರು, ಚರಂಡಿ, ಬೀದಿದೀಪಗಳ ವಿಷಯಗಳನ್ನು ಚರ್ಚಿಸಲು ನಾವು ಆಗಾಗ ಸೇರುತ್ತೇವೆ. ಇತಿಹಾಸ ವಸ್ತುಸಂಗ್ರಹಾಲಯದ ಋತುಮಾನದ ಪ್ರದರ್ಶನ, ಸಮುದಾಯ ಕಾರ್ಯಕ್ರಮ ಮತ್ತು ಪ್ರವೇಶ ವ್ಯವಸ್ಥೆಗಳ ಕುರಿತು ಮಾತನಾಡಲು ನನ್ನನ್ನು ಕರೆದಾಗ, ಇದು ನಮ್ಮ ಸಭೆಗೆ ಸೇರಿದ ವಿಷಯವೇ ಎಂಬ ಪ್ರಶ್ನೆ ತಮ್ಮಲ್ಲಿ ಕೆಲವರಿಗೆ ಮೂಡಿರಬಹುದು. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆಂದು ಗುರುತಿಸಿರುವ 29 ವಿಷಯಗಳಲ್ಲಿ 20ನೆಯದು ಗ್ರಂಥಾಲಯ, 21ನೆಯದು ಸಾಂಸ್ಕೃತಿಕ ಚಟುವಟಿಕೆ, 22ನೆಯದು ಸಂತೆ ಮತ್ತು ಜಾತ್ರೆ. ಆದ್ದರಿಂದ ಇದು ಹೊರಗಿನಿಂದ ತಂದ ವಿಷಯವಲ್ಲ. ನಮ್ಮ ಪಟ್ಟಿಯಲ್ಲಿಯೇ ಇದ್ದು ನಾವು ಮುಟ್ಟದೆ ಬಿಟ್ಟ ವಿಷಯ.

ಮೊದಲಿಗೆ ನಮ್ಮ ತಾಲ್ಲೂಕಿನ ಒಂದು ಕಲ್ಲಿನ ವೃತ್ತಾಂತವನ್ನು ತಮ್ಮ ಮುಂದಿಡುತ್ತೇನೆ. ಆತಗೂರು ಹೋಬಳಿಯ ಹೆಸರು ತಮಗೆಲ್ಲ ಗೊತ್ತು. ಇತಿಹಾಸಕಾರರು ಆ ಊರನ್ನು ಆತಕೂರು ಎಂದು ಬರೆಯುತ್ತಾರೆ, ಏಕೆಂದರೆ ಅಲ್ಲಿ ದೊರೆತ ಶಾಸನವು ಕರ್ನಾಟಕದ ಚರಿತ್ರೆಯಲ್ಲಿ ಆ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಒಂದಾಗಿ ಕ್ರಿ.ಶ. 949ರಲ್ಲಿ ತಕ್ಕೋಲಂ ಎಂಬಲ್ಲಿ ಚೋಳರನ್ನು ಎದುರಿಸಿದರು. ಚೋಳ ರಾಜಕುಮಾರ ರಾಜಾದಿತ್ಯ ಆ ಯುದ್ಧದಲ್ಲಿ ಮಡಿದನು. ಬೂತುಗನ ಪಕ್ಷದಲ್ಲಿ ಹೋರಾಡಿದ ಮಣಲೆರ ಎಂಬ ವೀರನು ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೇಟೆಯಲ್ಲಿ ಆ ನಾಯಿಯೂ ಒಂದು ಕಾಡುಹಂದಿಯೂ ಪರಸ್ಪರ ಹೋರಾಡಿ ಸತ್ತವು. ಮಣಲೆರನು ತನ್ನ ನಾಯಿಯ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಿಸಿ, ಅದರ ನಿರ್ವಹಣೆಗೆಂದು ಭೂಮಿಯನ್ನೂ ಬಿಟ್ಟನು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಕಾದಾಡುವ ಚಿತ್ರವಿದೆ. ಒಂದು ನಾಯಿಗೆಂದು ನೆಟ್ಟ ಕಲ್ಲು ಇಂದು ದಕ್ಷಿಣ ಭಾರತದ ಒಂದು ದೊಡ್ಡ ಯುದ್ಧದ ಚರಿತ್ರೆಗೆ ಆಧಾರವಾಗಿದೆ.

ಆ ಶಾಸನದಲ್ಲಿ ನಮ್ಮ ಆಡಳಿತಕ್ಕೆ ನೇರವಾಗಿ ಸಂಬಂಧಿಸಿದ ಒಂದು ಮಾತಿದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಅವನಿಗೆ ಪಾಪ ತಟ್ಟುವುದೆಂದು ಅದು ವಿಧಿಸುತ್ತದೆ. ಸಾವಿರ ವರ್ಷಗಳಿಗೂ ಹಿಂದಿನ ಆ ಜನರಿಗೆ, ಕಲ್ಲು ನೆಟ್ಟ ಮಾತ್ರಕ್ಕೆ ನೆನಪು ಉಳಿಯುವುದಿಲ್ಲವೆಂದು ತಿಳಿದಿತ್ತು. ಅದಕ್ಕೆ ಹೊಣೆಗಾರನೊಬ್ಬ ಬೇಕು, ಖರ್ಚಿಗೆ ಮೂಲ ಬೇಕು, ತಪ್ಪದೆ ನಡೆಯುವ ದಿನಚರಿ ಬೇಕು. ಸಿಬ್ಬಂದಿ, ಅನುದಾನ ಮತ್ತು ಕಾರ್ಯಕ್ರಮ ಎಂದು ನಾವು ಇಂದು ಕರೆಯುವ ಮೂರೂ ಅದರಲ್ಲಿವೆ. ವಸ್ತುಸಂಗ್ರಹಾಲಯವನ್ನು ಉಳಿಸುವುದು ಕಟ್ಟಡವಲ್ಲ, ಕಟ್ಟಳೆ. ನಾನು ಇಂದು ಹೇಳಬೇಕಾದದ್ದೆಲ್ಲ ಈ ಒಂದು ಮಾತಿನಲ್ಲಿದೆ.

ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ, 1865ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅಲ್ಲಿ ಅದು ಮಳೆ ಬಿಸಿಲಿನಿಂದ ಸುರಕ್ಷಿತವಾಗಿದೆ; ಆ ಬಗ್ಗೆ ನನಗೆ ತಕರಾರಿಲ್ಲ. ನನ್ನ ಚಿಂತೆ ಬೇರೆ. ಕಲ್ಲು ಊರು ಬಿಟ್ಟಾಗ ಅದರ ಕಥೆಯೂ ಊರು ಬಿಟ್ಟಿತು. ನಮ್ಮ ಶಾಲೆಗಳ ಮಕ್ಕಳಲ್ಲಿ ಎಷ್ಟು ಜನಕ್ಕೆ ಕಾಳಿಯ ಕಥೆ ಗೊತ್ತು? ಇನ್ನೊಂದೆಡೆ, ಊರಿನಲ್ಲಿಯೇ ಉಳಿದಿರುವ ವೀರಗಲ್ಲು, ಮಾಸ್ತಿಗಲ್ಲುಗಳ ಕಥೆ ಕೆಲವು ಹಿರಿಯರಿಗೆ ಗೊತ್ತಿದೆ. ಆದರೆ ಆ ಕಲ್ಲುಗಳಿಗೆ ರಕ್ಷಣೆಯಿಲ್ಲ.

ಇದನ್ನು ನಾನು ಬೇರೆಯವರ ತಪ್ಪೆಂದು ಹೇಳುತ್ತಿಲ್ಲ. ಹಿಂದೆ ನಾನು ಕೆಲಸ ಮಾಡಿದ ಒಂದು ಪಂಚಾಯಿತಿಯಲ್ಲಿ ಚರಂಡಿ ಕಾಮಗಾರಿ ನಡೆಯುತ್ತಿತ್ತು. ಅರಳಿಕಟ್ಟೆಯ ಬಳಿ ಅರ್ಧ ಹೂತಿದ್ದ ಒಂದು ಚಪ್ಪಡಿ ಅಡ್ಡ ಬಂದಿತು. ಇಂಜಿನಿಯರಿಂಗ್ ಓದಿದ ನನ್ನ ಕಣ್ಣಿಗೆ ಅದರ ಉದ್ದ, ಅಗಲ, ದಪ್ಪ ಕಂಡವು, ಬೇರೇನೂ ಕಾಣಲಿಲ್ಲ. ಚರಂಡಿಯ ಮೇಲೆ ಹಾಸಲು ಆಗುತ್ತದೆ, ತೆಗೆಯಿರಿ ಎಂದೆ. ಹಾರೆ ಹಾಕಿ ಎಬ್ಬಿಸುವಾಗ ಎದುರು ಮನೆಯ ಅಜ್ಜಿಯೊಬ್ಬರು ಬಂದು, "ಅದು ಬರೀ ಕಲ್ಲಲ್ಲ ಕನಪ್ಪ, ನಮ್ಮತ್ತೆ ಹಬ್ಬದ ದಿನ ಅದಕ್ಕೆ ಹೂ ಇಡೋರು" ಎಂದರು. ಕಲ್ಲನ್ನು ಮಗುಚಿ ನೋಡಿದರೆ ಕತ್ತಿ ಹಿಡಿದ ವೀರ, ಮೇಲೆ ಸೂರ್ಯ ಚಂದ್ರ, ನಡುವಿನ ಪಟ್ಟಿಯಲ್ಲಿ ಅಕ್ಷರಗಳು. ಅಷ್ಟರಲ್ಲಿ ಹಾರೆಯ ಪೆಟ್ಟಿಗೆ ಒಂದು ಮೂಲೆ ಒಡೆದು ಪುಡಿಯಾಗಿತ್ತು. ಕಲ್ಲನ್ನು ಮರಳಿ ನಿಲ್ಲಿಸಿದೆವು. ಆದರೆ ಆ ಮೂಲೆಯಲ್ಲಿದ್ದ ಅಕ್ಷರಗಳು ವೀರನ ಹೆಸರೋ, ಊರಿನ ಹೆಸರೋ ಇನ್ನು ಯಾರಿಗೂ ತಿಳಿಯುವಂತಿಲ್ಲ. ಅಂದಾಜು ಪಟ್ಟಿ ತಯಾರಿಸುವ ಮುನ್ನ ಆ ಅಜ್ಜಿಯನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆ ತಪ್ಪು ನನ್ನದು.

ಈ ಹಿನ್ನೆಲೆಯಲ್ಲಿ ವಸ್ತುಸಂಗ್ರಹಾಲಯಗಳು ನಡೆಸುವ ಮೂರು ಬಗೆಯ ಕೆಲಸಗಳನ್ನು ನಮ್ಮ ಮಟ್ಟಕ್ಕೆ ಹೊಂದಿಸಿ ವಿವರಿಸುತ್ತೇನೆ.

ಮೊದಲನೆಯದು ಪ್ರವೇಶ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಶುಲ್ಕವಿರುವ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ನಿರ್ಮಾಣವಾದ ದರಿಯಾ ದೌಲತ್ ಅರಮನೆ ಈಗ ವಸ್ತುಸಂಗ್ರಹಾಲಯವೂ ಆಗಿದೆ. 1780ರ ಪೊಲ್ಲಿಲೂರು ಯುದ್ಧದ ಭಿತ್ತಿಚಿತ್ರವನ್ನು ಅದರ ಗೋಡೆಯ ಮೇಲೆ ನೋಡಬಹುದು. ಹಾಗಿದ್ದರೂ ನಮ್ಮ ಊರುಗಳ ಅನೇಕ ಮಕ್ಕಳು ಅದನ್ನು ನೋಡಿಲ್ಲ. ಅವರನ್ನು ತಡೆದಿರುವುದು ಟಿಕೆಟ್ಟಲ್ಲ, ಬಸ್ಸಿನ ಬಾಡಿಗೆ. ತಾಯಿ ತಂದೆ ಒಂದು ದಿನದ ಕೂಲಿ ಬಿಟ್ಟು ಮಗುವನ್ನು ಕರೆದೊಯ್ಯಲಾರರು. ಬಸ್ಸಿನ ವ್ಯವಸ್ಥೆಯಿಲ್ಲದೆ ಉಚಿತ ಪ್ರವೇಶವೆಂಬುದು ಅರ್ಧ ತೆರೆದ ಬಾಗಿಲು. ಉಳಿದರ್ಧವನ್ನು ತೆರೆಯಬೇಕಾದವರು ನಾವು. ವರ್ಷಕ್ಕೆ ಒಂದು ತರಗತಿಯ ಮಕ್ಕಳಿಗೆ ಒಂದು ಬಸ್ಸು ಎಂಬ ನಿಯಮವನ್ನು ನಿಯಮಾನುಸಾರ ಸ್ವಂತ ಸಂಪನ್ಮೂಲದಿಂದಲೋ ದಾನಿಗಳ ನೆರವಿನಿಂದಲೋ ಪಾಲಿಸಿದರೆ, ಶಾಲೆ ಬಿಡುವ ಮುನ್ನ ಪ್ರತಿ ಮಗುವೂ ಒಮ್ಮೆಯಾದರೂ ವಸ್ತುಸಂಗ್ರಹಾಲಯವನ್ನು ನೋಡಿರುತ್ತದೆ. ಹೊರಡುವ ಮುನ್ನ ಸಂಬಂಧಪಟ್ಟ ಸಂಸ್ಥೆಗೆ ಪತ್ರ ಬರೆದು ವಾರದ ರಜಾದಿನ, ನವೀಕರಣ ಕಾಮಗಾರಿ ಮತ್ತು ಶಾಲಾ ಗುಂಪಿನ ವ್ಯವಸ್ಥೆಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಎರಡನೆಯದು ಸಮುದಾಯ ಕಾರ್ಯಕ್ರಮ. ಇದಕ್ಕೆ ಹತ್ತಿರದ ಮಾದರಿ ಹೆದ್ದಾರಿಯಲ್ಲಿಯೇ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿಯ ಕಾಮಗಾರಿಯನ್ನು ಬೆಂಗಳೂರು–ನಿಡಘಟ್ಟ, ನಿಡಘಟ್ಟ–ಮೈಸೂರು ಎಂದು ಎರಡು ಭಾಗ ಮಾಡಿದ್ದರಿಂದ ನಮ್ಮ ಊರಿನ ಹೆಸರು ದೇಶಕ್ಕೆಲ್ಲ ಕೇಳಿಸಿತು. ಆದರೆ ವಾಹನಗಳು ಈಗ ಮೇಲಿನಿಂದಲೇ ಸಾಗಿಹೋಗುತ್ತವೆ. ಹಳೆಯ ರಸ್ತೆ ಹಿಡಿದು ಚನ್ನಪಟ್ಟಣ ದಾಟಿದರೆ, ರಾಮನಗರಕ್ಕೆ ಮೊದಲು ಜಾನಪದ ಲೋಕ ಸಿಗುತ್ತದೆ. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ನಮ್ಮ ಜಿಲ್ಲೆಯವರೇ, ನಾಗಮಂಗಲ ತಾಲ್ಲೂಕಿನವರು, ಸ್ವತಃ ಆಡಳಿತಾಧಿಕಾರಿಯಾಗಿದ್ದವರು. ಒನಕೆ, ಒರಳು, ಕೊಳಗ, ಕೂರಿಗೆ ಮೊದಲಾದ, ನಮ್ಮ ಅಟ್ಟಗಳಲ್ಲಿ ಗೆದ್ದಲು ತಿನ್ನುತ್ತಿರುವಂಥ ವಸ್ತುಗಳು ಅಲ್ಲಿ ಗೌರವದಿಂದ ನಿಂತಿವೆ. ಅಲ್ಲಿ ಲೋಕೋತ್ಸವ ನಡೆಯುತ್ತದೆ, ಕಲಾವಿದರು ಬಂದು ಹಾಡಿ ಕುಣಿಯುತ್ತಾರೆ. ವಸ್ತುವನ್ನು ನೋಡಲು ಒಮ್ಮೆ ಬಂದವರು ಹಬ್ಬಕ್ಕೆಂದು ಮತ್ತೆ ಬರುತ್ತಾರೆ. ಸಂಗ್ರಹಾಲಯಕ್ಕೂ ಗೋದಾಮಿಗೂ ಇರುವ ವ್ಯತ್ಯಾಸ ಇದೇ.

ಮೂರನೆಯದು ಋತುಮಾನದ ಪ್ರದರ್ಶನ. ಇದಕ್ಕೆ ಹೊಸ ಕಟ್ಟಡ ಬೇಡ, ಮತ್ತು ಯಾವ ಸದಸ್ಯರೂ ಈಗಲೇ ಕಟ್ಟಡದ ಪ್ರಸ್ತಾವನೆ ತರಬಾರದೆಂದು ನಾನು ವಿನಂತಿಸುತ್ತೇನೆ. ಕೊಠಡಿ ಕಟ್ಟಿ, ನಾಮಫಲಕ ಹಾಕಿ, ಉದ್ಘಾಟನೆ ಮಾಡಿದ ಮೇಲೆ ಬೀಗದ ಕೈ ಯಾರ ಬಳಿ ಇದೆಯೆಂಬುದೇ ತಿಳಿಯದ ಸ್ಥಿತಿ ನಮಗೆ ಹೊಸದಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರಗಳಿವೆ, ಶಾಲೆಯ ಜಗುಲಿಗಳಿವೆ. ವರ್ಷಕ್ಕೆ ಮೂರು ಬಾರಿ, ಪ್ರತಿ ಬಾರಿ ಎರಡು ದಿನ ಪ್ರದರ್ಶನ ನಡೆಸಿದರೆ ಸಾಕು.

ಜನವರಿಯಲ್ಲಿ ಸಂಕ್ರಾಂತಿಯ ವೇಳೆಗೆ ಸುಗ್ಗಿಯ ಪ್ರದರ್ಶನ: ಕಣದ ರೋಣಗಲ್ಲು, ಮೊರ, ಜರಡಿ, ಸೇರು, ಬಳ್ಳ, ಆಲೆಮನೆಯ ಬೆಲ್ಲದಚ್ಚು. ಕೃಷ್ಣರಾಜಸಾಗರದ ನೀರು ನಾಲೆಗಳಲ್ಲಿ ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಆರಂಭವಾದ ಮೇಲೆ ನಮ್ಮ ಜಿಲ್ಲೆಯ ಹೊಲದ ಬೆಳೆಯೂ ಮನೆಯ ಉಪಕರಣವೂ ಹೇಗೆ ಬದಲಾದವೆಂಬುದನ್ನು ಈ ವಸ್ತುಗಳೇ ಹೇಳುತ್ತವೆ.

ಏಪ್ರಿಲ್‌ನಲ್ಲಿ ಶಿವಪುರದ ನೆನಪು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರು ನಿಷೇಧವನ್ನು ಮೀರಿ ಧ್ವಜವೇರಿಸಿ ಬಂಧಿತರಾದರು. ಆ ಜಾಗದ ಸತ್ಯಾಗ್ರಹ ಸೌಧವನ್ನು ನಾವು ದಿನವೂ ದಾಟುತ್ತೇವೆ. ಆ ಸಮಾವೇಶಕ್ಕೆ ಗಾಡಿ ಕಟ್ಟಿಕೊಂಡು ಹೋದವರ ಮಕ್ಕಳು, ಮೊಮ್ಮಕ್ಕಳು ನಮ್ಮ ಊರುಗಳಲ್ಲಿರಬಹುದು. ಅವರ ಮನೆಯಲ್ಲಿ ಒಂದು ಭಾವಚಿತ್ರ, ಒಂದು ಚರಕ, ಒಂದು ಪತ್ರವಾದರೂ ಇದ್ದರೆ ಅದನ್ನು ತರಿಸಿ, ಅವರ ಬಾಯಿಂದಲೇ ಮಕ್ಕಳಿಗೆ ಹೇಳಿಸೋಣ. ಏಪ್ರಿಲ್ 18 ವಿಶ್ವ ಪರಂಪರೆ ದಿನವೂ ಹೌದು.

ನವೆಂಬರ್‌ನಲ್ಲಿ ರಾಜ್ಯೋತ್ಸವ, ಮಕ್ಕಳ ಗ್ರಾಮ ಸಭೆ ಮತ್ತು 19ರಿಂದ 25ರವರೆಗಿನ ವಿಶ್ವ ಪರಂಪರೆ ಸಪ್ತಾಹ ಹತ್ತಿರಹತ್ತಿರ ಬರುತ್ತವೆ. ಆಗ ಊರಿನ ಕಲ್ಲುಗಳ ಪ್ರದರ್ಶನ. ಕಲ್ಲನ್ನು ಕದಲಿಸುವಂತಿಲ್ಲ, ಮಕ್ಕಳು ತೆಗೆದ ಛಾಯಾಚಿತ್ರ, ಬರೆದ ನಕ್ಷೆ ಮತ್ತು ಹಿರಿಯರಿಂದ ಕೇಳಿ ಬರೆದುಕೊಂಡ ಕಥೆಗಳ ಪ್ರದರ್ಶನ. ಆತಕೂರಿನ ಕಾಳಿಯ ಕಥೆಯಿಂದ ಅದನ್ನು ಆರಂಭಿಸಬಹುದು.

ಪ್ರದರ್ಶನ ನಡೆಸುವಾಗ ಪಾಲಿಸಬೇಕಾದ ಕೆಲವು ಅಂಶಗಳನ್ನು ತಮ್ಮ ಗಮನಕ್ಕೆ ತರುತ್ತೇನೆ. ವಸ್ತು ಮನೆಯವರದೇ ಆಗಿರಲಿ. ಎರಡು ದಿನದ ಮಟ್ಟಿಗೆ ಪಡೆದು, ದಾಸ್ತಾನು ವಹಿಯ ರೀತಿಯಲ್ಲಿ ನಮೂದಿಸಿ, ಸಹಿ ಪಡೆದು ಹಿಂದಿರುಗಿಸತಕ್ಕದ್ದು. ಒಂದು ಸೇರು ಕಳೆದರೂ ಮುಂದಿನ ವರ್ಷ ಯಾರೂ ಕೊಡುವುದಿಲ್ಲ. ಪ್ರತಿ ವಸ್ತುವಿನ ಮುಂದೆ ಅದರ ಹೆಸರು, ಬಳಕೆ, ಕೊಟ್ಟವರ ಹೆಸರು ಇರಲಿ. ಊರೆಂದರೆ ಕೆಲವೇ ದೊಡ್ಡ ಮನೆಗಳಲ್ಲ. ಕುಂಬಾರರ ತಿಗರಿ, ಮೇದರ ಬುಟ್ಟಿ, ಕಮ್ಮಾರರ ತಿದಿ, ತಮಟೆ, ಚರ್ಮದ ಕೆಲಸದ ಉಳಿ, ಸೋಬಾನೆ ಹಾಡುವ ತಾಯಂದಿರ ದನಿ, ಇವೆಲ್ಲ ಒಂದೇ ಸಾಲಿನಲ್ಲಿ ಇರತಕ್ಕದ್ದು. ಯಾರ ಕೈಕೆಲಸದಿಂದ ಊರು ಬದುಕಿತೋ ಅವರ ಹೆಸರಿಲ್ಲದ ಪ್ರದರ್ಶನ ಊರಿನ ಇತಿಹಾಸವಾಗುವುದಿಲ್ಲ.

ಕಾನೂನಿನ ವಿಷಯವಾಗಿ ಎರಡು ಮಾತು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷ ಮೀರಿದ ಶಿಲ್ಪ, ಶಾಸನ, ನಾಣ್ಯಗಳು ಪುರಾವಸ್ತುಗಳು. ಮಹತ್ವದ ಹಸ್ತಪ್ರತಿಗಳಿಗೆ 75 ವರ್ಷ ಸಾಕು. ಇಂಥವು ಕಂಡುಬಂದರೆ ನಾವೇ ತೊಳೆದು, ಉಜ್ಜಿ, ಬಣ್ಣ ಬಳಿಯುವಂತಿಲ್ಲ. ಚಿತ್ರ ತೆಗೆದು, ಸ್ಥಳ ಗುರುತಿಸಿ, ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ತಿಳಿಸುವುದು ನಮ್ಮ ಕರ್ತವ್ಯ. ಪಾಯ ತೋಡುವಾಗ ನಿಧಿ ದೊರೆತರೆ ಜಿಲ್ಲಾಧಿಕಾರಿಗಳಿಗೆ ವರದಿ ಮಾಡಬೇಕು. ಆದರೆ ಊರವರು ಕಲ್ಲಿಗೆ ಹೂವಿಡುವುದನ್ನು ನಿಲ್ಲಿಸಬೇಕಾಗಿಲ್ಲ. ಆ ಹೂವೇ ಅನೇಕ ಕಲ್ಲುಗಳನ್ನು ಇಷ್ಟು ಕಾಲ ಉಳಿಸಿದೆ. ಸುಣ್ಣ ಮತ್ತು ಎಣ್ಣೆಬಣ್ಣ ಬೇಡವೆಂದು ತಿಳಿಹೇಳಿದರೆ ಸಾಕು.

ನೀರಿಗೇ ಹಣ ಸಾಲದಿರುವಾಗ ಇದೆಲ್ಲ ಏಕೆಂದು ಕೇಳುವುದು ನ್ಯಾಯವಾದ ಪ್ರಶ್ನೆ. ನೀರಿನ ಹಣವನ್ನು ಇದಕ್ಕೆ ತೆಗೆಯಿರೆಂದು ನಾನು ಹೇಳುತ್ತಿಲ್ಲ. ಒಡೆದ ಪೈಪನ್ನು ನಾಳೆ ಹೊಸದಾಗಿ ಹಾಕಬಹುದು. ಒಡೆದ ಶಾಸನದ ಮೂಲೆಯನ್ನು ಹಾಗೆ ಹಾಕಲು ಬರುವುದಿಲ್ಲ ಎಂಬುದನ್ನು ಮಾತ್ರ ನಾನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಆದುದರಿಂದ ಮುಂದಿನ ಸಾಮಾನ್ಯ ಸಭೆಯಲ್ಲಿ ಮೂರು ನಿರ್ಣಯಗಳನ್ನು ಪರಿಗಣಿಸಬೇಕೆಂದು ಕೋರುತ್ತೇನೆ. ಒಂದು, ಪ್ರತಿ ವಾರ್ಡಿನ ಸದಸ್ಯರು ಹಿರಿಯರೊಬ್ಬರನ್ನು ಜೊತೆಗೂಡಿಸಿಕೊಂಡು ತಮ್ಮ ವ್ಯಾಪ್ತಿಯ ಹಳೆಯ ಕಲ್ಲುಗಳ ಪಟ್ಟಿ ಮಾಡುವುದು, ಮತ್ತು ಯಾವುದೇ ಕಾಮಗಾರಿಯ ಅಂದಾಜು ಪಟ್ಟಿಗೆ ಮುನ್ನ ಆ ಪಟ್ಟಿಯನ್ನು ನೋಡುವುದು. ಎರಡು, ವರ್ಷಕ್ಕೊಂದು ತರಗತಿಗೆ ಒಂದು ಬಸ್ಸು. ಮೂರು, ಅರಿವು ಕೇಂದ್ರದಲ್ಲಿ ಮೊದಲ ವರ್ಷ ಕನಿಷ್ಠ ಒಂದು ಋತುಮಾನದ ಪ್ರದರ್ಶನ, ಮತ್ತು ಅದರ ಹೊಣೆಗೆ ಹೆಸರಿಸಿದ ಒಬ್ಬ ವ್ಯಕ್ತಿ.

ಹೊಣೆಗಾರನ ಹೆಸರಿಲ್ಲದ ನಿರ್ಣಯ ನಡಾವಳಿ ಪುಸ್ತಕದಲ್ಲಿಯೇ ಉಳಿಯುತ್ತದೆ. ಆತಕೂರಿನ ಜನ ಒಂದು ನಾಯಿಯ ನೆನಪಿಗೂ ಒಬ್ಬ ಗೊರವನನ್ನು ನೇಮಿಸಿದ್ದರು. ನಮ್ಮ ಊರುಗಳ ನೆನಪಿಗೆ ನಾವು ಯಾರನ್ನು ನೇಮಿಸುತ್ತೇವೆ ಎಂಬುದನ್ನು ಮಾನ್ಯ ಸದಸ್ಯರು ತೀರ್ಮಾನಿಸಬೇಕಾಗಿದೆ. ಮೊದಲ ವರ್ಷ ಯಾರೂ ಮುಂದೆ ಬಾರದಿದ್ದಲ್ಲಿ, ಆ ಜಾಗದಲ್ಲಿ ನನ್ನ ಹೆಸರನ್ನೇ ಬರೆದುಕೊಳ್ಳಿರಿ.