ಚಪ್ಪರದ ಹಸಿರು ಎಲ್ಲಿಂದ ಬಂತು?



ಮದುವೆಯ ಅಲಂಕಾರವು ಪರಿಸರದ ವೇದಿಕೆಯಲ್ಲಿ ಚರ್ಚಿಸತಕ್ಕ ವಿಷಯವೇ ಎಂಬ ಸಂದೇಹ ಕೆಲವರಲ್ಲಿ ಮೂಡಬಹುದು. ಅಣೆಕಟ್ಟು, ಗಣಿ, ರಸ್ತೆ ಅಗಲೀಕರಣಗಳ ನಡುವೆ ಹೂವಿನ ಮಾಲೆಯ ಮಾತೇಕೆ? ಇದಕ್ಕೆ ಉತ್ತರ ಬೇಕಾದವರು ಬೆಂಗಳೂರಿನ ಉತ್ತರದ ಅಂಚಿಗೆ ಹೋಗಬೇಕು. ಯಲಹಂಕದ ಸಮೀಪದ ಮಾವಳ್ಳಿಪುರವು ಮಹಾನಗರದ ಕಸವನ್ನು ವರ್ಷಗಟ್ಟಲೆ ತನ್ನ ಮಗ್ಗುಲಲ್ಲಿ ಸುರಿಸಿಕೊಂಡ ಹಳ್ಳಿ. ಗ್ರಾಮಸ್ಥರು ನೀರು ಕೆಟ್ಟಿತೆಂದು, ದುರ್ನಾತದಲ್ಲಿ ಬದುಕಲಾಗದೆಂದು ಹೋರಾಡಿದ ಫಲವಾಗಿ 2012ರ ಜುಲೈನಲ್ಲಿ ಅಲ್ಲಿನ ಕಸದ ಭರ್ತಿ ನಿಂತಿತು. ಆಗ ನಗರದ ಬೀದಿಗಳಲ್ಲಿ ಗುಡ್ಡೆಗಳೆದ್ದವು. ಲಾರಿಗಳು ಮಂಡೂರಿನತ್ತ ತಿರುಗಿದವು. ಅಲ್ಲಿಯೂ ಜನ ಎದ್ದುನಿಂತರು. ಬಳಿಕ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲುಕ್ವಾರಿಗಳು ತುಂಬತೊಡಗಿದವು. ಹಸೆಮಣೆಯ ಹಿಂದೆ ಮೂರು ಗಂಟೆಯ ಮಟ್ಟಿಗೆ ಶೋಭಿಸಿದ ಸಾಮಗ್ರಿಯೂ ಕೊನೆಗೆ ಸೇರುವುದು ಇಂತಹ ಒಂದು ಹಳ್ಳಿಯ ಪಕ್ಕಕ್ಕೇ.

ಸುಮಾರು ಅದೇ ಕಾಲದಲ್ಲಿ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದ ತಜ್ಞರ ತಂಡವೊಂದು ನಗರದ 75 ಕಲ್ಯಾಣಮಂಟಪಗಳನ್ನು ಸಮೀಕ್ಷಿಸಿ, ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಆಹಾರ ಪೋಲಾಗುತ್ತಿದೆಯೆಂದು ಅಂದಾಜು ಮಾಡಿತು. ಆ ಅಂಕಿಯು ಪತ್ರಿಕೆಗಳಲ್ಲಿ ಬಂದು ಜನ ನಾಚಿಕೊಂಡರು. ಎಲೆಯಲ್ಲಿ ಉಳಿದ ಅನ್ನ ಎಲ್ಲರ ಕಣ್ಣಿಗೂ ಬೀಳುತ್ತದೆ. ಮಂಟಪವನ್ನು ಕಳಚಿ ಹಿಂಬಾಗಿಲಿನಿಂದ ಸಾಗಿಸಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಅನ್ನವಾದರೋ ಹಸುವಿಗೆ, ಮಣ್ಣಿಗೆ ಆದೀತು. ಥರ್ಮೋಕೋಲಿನ ಕಂಬ, ಪ್ಲಾಸ್ಟಿಕ್ ಹೂವಿನ ಗೋಡೆ, ಮಿನುಗುವ ಝರಿಯ ಪಟ್ಟಿಗಳು ಯಾವುದಕ್ಕೂ ಆಗುವುದಿಲ್ಲ.

ಇವುಗಳಲ್ಲಿ ಹೆಚ್ಚು ಮೋಸಗೊಳಿಸುವ ವಸ್ತುವೆಂದರೆ ಹೂಗಳನ್ನು ಚುಚ್ಚಿ ನಿಲ್ಲಿಸುವ ಹಸಿರು ಇಟ್ಟಿಗೆ. ನೀರು ಹೀರಿ ಪಾಚಿಯಂತೆ ಮೆತ್ತಗಾಗುವ ಇದನ್ನು ಅನೇಕರು ಸಸ್ಯಜನ್ಯವೆಂದೇ ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ತಯಾರಾದ ನೊರೆಪ್ಲಾಸ್ಟಿಕ್. ಬೆರಳಿಗೆ ತಗುಲಿದರೆ ಪುಡಿಯಾಗುತ್ತದೆ. ಪುಡಿಯಾದದ್ದು ನೀರಿನೊಡನೆ ಚರಂಡಿಗೆ, ಅಲ್ಲಿಂದ ಕೆರೆಗೆ ಹರಿಯುತ್ತದೆ. ಈ ಸೂಕ್ಷ್ಮಕಣಗಳನ್ನು ಜಲಚರಗಳು ತಿನ್ನುತ್ತವೆ ಮತ್ತು ಅವುಗಳಿಂದ ಒಸರುವ ರಾಸಾಯನಿಕಗಳು ಅವುಗಳಿಗೆ ಹಾನಿಕರವೆಂದು ಆಸ್ಟ್ರೇಲಿಯಾದ ಆರ್‌ಎಂಐಟಿ ವಿಶ್ವವಿದ್ಯಾನಿಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದರು. ಹೆಬ್ಬಾಳ, ಜಕ್ಕೂರು, ಯಲಹಂಕಗಳ ಕೆರೆಗಳು ಇಂತಹ ಪುಡಿಯನ್ನು ಹೊರಬೇಕಾದ ಅಗತ್ಯವೇನಿದೆ? ಮರಳು ತುಂಬಿದ ಮಡಕೆಯಲ್ಲಿ, ಬಾಳೆದಿಂಡಿನ ತುಂಡಿನಲ್ಲಿ ಹೂವಿನ ಕಾಂಡ ಅಷ್ಟೇ ಚೆನ್ನಾಗಿ ನಿಲ್ಲುತ್ತದೆ. ದಿಂಡಿನಲ್ಲಿ ನೀರು ತಾನಾಗಿಯೇ ಇರುತ್ತದೆ.

ಕಾನೂನುಗಳ ಕೊರತೆಯೇನೂ ಇಲ್ಲ. ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಬ್ಯಾನರ್, ತೋರಣ, ಊಟದ ಮೇಜಿಗೆ ಹಾಸುವ ಹಾಳೆ ಇವೆಲ್ಲವನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ದೇಶಾದ್ಯಂತ ಜಾರಿಗೆ ಬಂದ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಸಿಹಿತಿಂಡಿಯ ಪೆಟ್ಟಿಗೆಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ತೆಳುಹಾಳೆ ಸೇರಿವೆ. ತಾಂಬೂಲದ ಚೀಲವನ್ನೂ ಇಲ್ಲಿ ನೆನೆಯಬೇಕು. ಬಟ್ಟೆಯಂತೆ ಕಾಣುವ, ಬಣ್ಣಬಣ್ಣದ, ವಧೂವರರ ಹೆಸರು ಅಚ್ಚಾದ ಆ ಚೀಲಗಳಲ್ಲಿ ಬಹುಪಾಲು ಪಾಲಿಪ್ರೊಪಿಲೀನ್. ನೂಲಿನ ಎಳೆ ಒಂದೂ ಇಲ್ಲ. ಅಂಚನ್ನು ದೀಪಕ್ಕೆ ಹಿಡಿದರೆ ಕರಗಿ ಮುದುಡುತ್ತದೆ. ಬಟ್ಟೆಯಾಗಿದ್ದರೆ ಬೂದಿಯಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಯಲಹಂಕ, ಆರ್.ಟಿ. ನಗರಗಳಂತಹ ಬಡಾವಣೆಗಳ ತರುಣ ತರುಣಿಯರು ತಮ್ಮ ಮದುವೆಯನ್ನು ತಮ್ಮದೇ ಅಭಿರುಚಿಯಂತೆ, ತಮ್ಮ ಕೈಯಿಂದಲೇ ಸಿಂಗರಿಸಲು ಮುಂದಾಗುತ್ತಿರುವುದು ಸ್ವಾಗತಾರ್ಹ. ಗುತ್ತಿಗೆದಾರನ ಚಿತ್ರಪುಸ್ತಕದಲ್ಲಿ ಬೆರಳಿಟ್ಟು 'ಇದು ಇರಲಿ' ಎನ್ನುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಕೈಯಿಂದ ಮಾಡಿದ್ದೆಲ್ಲವೂ ನೆಲಕ್ಕೆ ಹಿತವೆಂದು ಭಾವಿಸುವುದು ತಪ್ಪು. ಹತ್ತಾರು ಸಂಜೆ ಕುಳಿತು ಬಣ್ಣದ ಕಾಗದದ ಹೂಗಳನ್ನು ಮಾಡಿ, ಅವನ್ನು ಬಿಸಿ ಅಂಟಿನಿಂದ ಥರ್ಮೋಕೋಲಿನ ಚೌಕಟ್ಟಿಗೆ ಮೆತ್ತಿ, ಮೇಲೆ ಮಿಂಚುಪುಡಿ ಉದುರಿಸಿದರೆ ಕೈಗೆ ಕೆಲಸವಾಯಿತೇ ಹೊರತು ಕಸ ಕಡಿಮೆಯಾಗಲಿಲ್ಲ. ಕಾಗದ ಮಾತ್ರವಿದ್ದಾಗ ಗೊಬ್ಬರವಾಗಬಹುದಿತ್ತು. ಅಂಟು ಸೇರಿದ ಮೇಲೆ ಅದನ್ನು ಬೇರ್ಪಡಿಸುವವರಿಲ್ಲ. ಗಂಟು ಹಾಕುವುದು, ಹೊಲಿಯುವುದು, ಹೆಣೆಯುವುದು, ಮೈದಾಗಂಜಿಯಿಂದ ಅಂಟಿಸುವುದು ಇಷ್ಟರಿಂದಲೇ ಮುಗಿಯುವ ವಿನ್ಯಾಸವನ್ನು ಆರಿಸಿಕೊಂಡರೆ, ಬಿಚ್ಚುವುದೂ ಕಟ್ಟಿದಷ್ಟೇ ಸುಲಭವಾಗುತ್ತದೆ.

ಸ್ವಂತ ಶೈಲಿ ಎಂಬುದು ನಗರವು ಇಂದು ಕಂಡುಹಿಡಿದ ಸಂಗತಿಯೇನಲ್ಲ. ಸಾಗರ ಸೀಮೆಯ ದೀವರ ಮನೆಗಳಲ್ಲಿ ಮದುವೆಗೆ ಬರೆಯುವ ಹಸೆ ಚಿತ್ತಾರವನ್ನು ನೋಡಿದವರಿಗೆ ಇದು ತಿಳಿದಿದೆ. ಕೆಮ್ಮಣ್ಣಿನ ನೆಲ, ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೆಂದರೆ ಪುಂಡಿಯ ನಾರು. ಬಣ್ಣ ನಾಲ್ಕೇ ಆದರೂ ಯಾವ ಎಳೆ ಯಾವ ಹೆಂಗಸಿನ ಕೈಯದೆಂದು ಊರು ಗುರುತಿಸುತ್ತಿತ್ತು. ಬಯಲುಸೀಮೆಯಲ್ಲಿ ಕುಂಬಾರನ ಮನೆಯಿಂದ ವಾದ್ಯಸಮೇತ ತರುತ್ತಿದ್ದ ಐರಣೆಯ ಮಡಕೆಗಳಿಗೂ ಸುಣ್ಣ ಜಾಜುಗಳಿಂದ ಬರೆಯುತ್ತಿದ್ದರು. ಮಲೆನಾಡಿನ ಗುಡಿಗಾರರು ಜೌಗಿನ ಗಿಡದ ಹಗುರವಾದ ಬೆಂಡನ್ನು ಸೀಳಿ ಬಾಸಿಂಗ ಕಟ್ಟುತ್ತ ಬಂದರು. ಇವರಾರೂ 'ಪರಿಸರಸ್ನೇಹಿ' ಎಂಬ ಪದವನ್ನು ಕೇಳಿದವರಲ್ಲ. ಆರ್.ಟಿ. ನಗರದವರಿಗೆ ಮಡಕೆ ಬೇಕಿದ್ದರೆ ಪಾಟರಿ ಟೌನ್ ದೂರವೇನಲ್ಲ. ಅಲ್ಲಿ ಇಂದಿಗೂ ಚಕ್ರ ತಿರುಗುತ್ತಿದೆ.

ಇನ್ನೊಂದು ಬಗೆಯ ಸ್ವಂತಿಕೆಯೂ ಮಲೆನಾಡಿನದೇ. 1966ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಕುವೆಂಪು ಅವರು ಮಂತ್ರಮಾಂಗಲ್ಯದ ರೀತಿಯಲ್ಲಿ, ಆಡಂಬರವನ್ನು ಬದಿಗಿಟ್ಟು ನಡೆಸಿದರು. ಅಲ್ಲಿ ಶೈಲಿಯೆಂದರೆ ಏನನ್ನು ಸೇರಿಸುವುದು ಎನ್ನುವುದಲ್ಲ, ಏನನ್ನು ಬಿಡುವುದು ಎನ್ನುವುದು. ಎಲ್ಲರಿಗೂ ಅದು ಸಾಧ್ಯವಿಲ್ಲ. ಅಜ್ಜಿಯ ಆಸೆ, ಬೀಗರ ನಿರೀಕ್ಷೆಗಳಿರುತ್ತವೆ. ಬಿಡುವ ಪಟ್ಟಿಯನ್ನು ಮೊದಲು ಬರೆಯುವುದಂತೂ ಎಲ್ಲರಿಗೂ ಸಾಧ್ಯ.

ಈಗ ಯಲಹಂಕದ ಮನೆಯೊಂದರಲ್ಲಿ ಲಗ್ನ ನಿಶ್ಚಯವಾಗಿದೆ, ನಾಲ್ಕು ತಿಂಗಳು ಸಮಯವಿದೆ ಎಂದುಕೊಳ್ಳೋಣ. ಯೋಜನೆಯನ್ನು ಬಣ್ಣದಿಂದಲ್ಲ, ತಿಂಗಳಿನಿಂದ ಆರಂಭಿಸಬೇಕು. ಸೇವಂತಿಗೆಯು ಹಗಲು ಚಿಕ್ಕದಾದಾಗ ಮೊಗ್ಗು ಬಿಡುವ ಸಸ್ಯ. ಕಾರ್ತಿಕ, ಮಾರ್ಗಶಿರಗಳ ಮದುವೆಗೆ ಅದು ಸಹಜವಾಗಿ ಒದಗುತ್ತದೆ. ಅಕಾಲದಲ್ಲಿ ಬೇಕೆಂದಾಗ ರೈತನು ರಾತ್ರಿ ಹೊಲದಲ್ಲಿ ದೀಪಗಳನ್ನುರಿಸಿ ಗಿಡಕ್ಕೆ ಹಗಲಿನ ಭ್ರಮೆ ಹುಟ್ಟಿಸಿ ಹೂ ಬಿಡುವುದನ್ನು ಮುಂದೂಡಬೇಕಾಗುತ್ತದೆ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಕಡೆ ರಾತ್ರಿ ಪ್ರಯಾಣಿಸುವವರು ಜಾತ್ರೆಯೆಂದು ಭ್ರಮಿಸುವ ಬೆಳಕಿನ ಹೊಲಗಳು ಇವೇ. ವೈಶಾಖದ ಮದುವೆಗೆ ಮಲ್ಲಿಗೆಯಿದೆ; ಬೇಸಿಗೆಯಲ್ಲಿ ಅದು ಹೇರಳ, ಬೆಲೆ ಕುಸಿದು ಬೆಳೆಗಾರ ಕಂಗಾಲಾಗುವ ದಿನಗಳೂ ಅವೇ. ಶ್ರಾವಣಕ್ಕೆ ಸುಗಂಧರಾಜ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬಿಡುಗಡೆ ಮಾಡಿದ ಶೃಂಗಾರ, ಪ್ರಜ್ವಲ್ ತಳಿಗಳು ಮಾಲೆಗೆ ಯೋಗ್ಯವಾದ ಒಂಟಿ ಸುತ್ತಿನವು; ಸುವಾಸಿನಿ, ವೈಭವ ತಳಿಗಳು ಹೂದಾನಿಗೆ ಹೊಂದುವ ದಟ್ಟ ದಳದವು. ಹೂವನ್ನು ವ್ಯಾಪಾರಿಯಿಂದಲ್ಲದೆ ಸುತ್ತಲಿನ ಬೆಳೆಗಾರನಿಂದಲೇ, ಮೊದಲೇ ಮಾತಾಡಿ ಕೊಳ್ಳುವುದಾದರೆ ಸಿಂಪರಣೆಯ ಬಗ್ಗೆ ಒಂದು ಪ್ರಶ್ನೆ ಕೇಳಲು ಅವಕಾಶ ಸಿಗುತ್ತದೆ. ತಿನ್ನುವ ತರಕಾರಿಗೆ ಇರುವಷ್ಟು ಎಚ್ಚರವೂ ಹೂವಿನ ಔಷಧ ಸಿಂಪಡಣೆಗೆ ಇಲ್ಲ. ಹೂ ಮುಡಿಯುವವಳಿಗಿಂತ ಮೊದಲು ಅದನ್ನು ಬಿಡಿಸುವ, ಕಟ್ಟುವ ಹೆಂಗಸರ ಕೈ ಅದಕ್ಕೆ ತಗುಲುತ್ತದೆ.

ಅಂಗಳವೋ ತಾರಸಿಯೋ ಇದ್ದರೆ ಸ್ವಲ್ಪವನ್ನಾದರೂ ಬೆಳೆಯಬಹುದು. ಚೆಂಡುಹೂವಿನ ಬೀಜ ಬಿತ್ತಿದ ಮೂರು ತಿಂಗಳೊಳಗೆ ಕೊಯ್ಲು ಸಿಗುತ್ತದೆ. ಚೈನಾ ಆಸ್ಟರ್‌ಗೆ ಇನ್ನಷ್ಟು ಕಾಲ ಬೇಕು; ಹೆಸರಘಟ್ಟದ ಕಾಮಿನಿ, ಪೂರ್ಣಿಮಾ, ಶಶಾಂಕ ತಳಿಗಳು ಕುಂಡದಲ್ಲಿಯೂ ಬರುತ್ತವೆ. ಇಡೀ ಮಂಟಪಕ್ಕೆ ಸಾಲುವಷ್ಟು ಬೆಳೆಯುವುದು ತಾರಸಿಯಿಂದಾಗದು. ಬಾಗಿಲ ತೋರಣಕ್ಕೆ, ಆರತಿಯ ತಟ್ಟೆಗೆ, ಹೆಣ್ಣಿನ ಜಡೆಗೆ ಆದೀತು.

ಇನ್ನು ಹಸಿರಿನ ಮಾತು. ಹೂವಿಗಾದರೂ ಬೆಳೆಗಾರನೆಂಬವನಿದ್ದಾನೆ, ಹಸಿರು ಎಲ್ಲಿಂದಲೋ ಬರುತ್ತದೆಂದು ಎಲ್ಲರೂ ತಿಳಿದಿದ್ದಾರೆ. ತೆಂಗಿನ ಎಳೆಯ ಸುಳಿಯನ್ನು ಸೀಳಿ ಗಿಳಿ, ಚಾಮರ, ಜಾಲರಿಗಳನ್ನು ಹೆಣೆಯುವ ಕಲೆ ಮನೋಹರವಾದುದು. ಆದರೆ ತೆಂಗಿನ ಮರವು ತಿಂಗಳಿಗೆ ಸುಮಾರು ಒಂದು ಗರಿಯನ್ನು ಮಾತ್ರ ಬಿಡುತ್ತದೆ, ಮತ್ತು ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ. ಸುಳಿ ಕಡಿದರೆ ಮರದ ಒಂದು ತಿಂಗಳ ದುಡಿಮೆ ಹೋಯಿತು. ಸುಳಿಯ ಬುಡಕ್ಕೆ ಕತ್ತಿ ತಗುಲಿ ಒಳಗಿನ ಮೊಳಕೆಗೆ ಪೆಟ್ಟಾದರೆ ಮರವೇ ಹೋಯಿತು, ಏಕೆಂದರೆ ತೆಂಗಿಗೆ ಬೆಳೆಯುವ ತುದಿ ಒಂದೇ. ಬುಡದ ಸುತ್ತಿನ ಬಲಿತ ಗರಿಯಿಂದಲೂ ತಟ್ಟಿ ಹೆಣೆದು ಚಪ್ಪರ ಹೊದಿಸಬಹುದು; ಹಿರಿಯರು ಮಾಡುತ್ತಿದ್ದುದು ಅದನ್ನೇ. ಅಡಿಕೆಯ ಸಿಂಗಾರದ ಲೆಕ್ಕ ಮಲೆನಾಡಿಗರಿಗೆ ಹೇಳಬೇಕಾಗಿಲ್ಲ. ಕಳಶಕ್ಕೊಂದು ಸಿಂಗಾರ ತೆಗೆಯುವುದು ಬೇರೆ, ಮಂಟಪದ ನಾಲ್ಕೂ ಕಂಬಕ್ಕೆ ಗೊಂಚಲು ಗೊಂಚಲಾಗಿ ತೂಗುಬಿಡುವುದು ಬೇರೆ.

ತೋಟದ ಮರಕ್ಕಾದರೂ ಲೆಕ್ಕವಿಡುವ ಒಡೆಯನಿದ್ದಾನೆ. ಕಾಡಿನ ಜರಿಗಿಡ, ಮರದ ಪಾಚಿ, ಬೆತ್ತ, ಬಗನಿಯ ಗರಿಗಳಿಗೆ ಅವನೂ ಇಲ್ಲ. 'ನೈಸರ್ಗಿಕ' ಅಲಂಕಾರದ ಬೇಡಿಕೆ ನಗರದಲ್ಲಿ ಹೆಚ್ಚಿದಂತೆ ಇವುಗಳ ಮೇಲಿನ ಕಣ್ಣೂ ಹೆಚ್ಚುತ್ತದೆ. ಬಗನಿಯು ಬಾಳಿನಲ್ಲಿ ಒಮ್ಮೆ, ತುದಿಯಿಂದ ಬುಡದ ಕಡೆಗೆ ಹೂಗೊನೆಗಳನ್ನು ಬಿಟ್ಟು ಸಾಯುವ ಮರ. ಹಣ್ಣಾಗುವ ಮೊದಲು ಗೊನೆ ಕಡಿದರೆ ಅದರ ಸಂತತಿಯೇ ಇಲ್ಲ. ಮುಂಗಾರಿನ ಹೊತ್ತಿಗೆ ಮರದ ಕೊಂಬೆಯಿಂದ ಇಳಿಬಿದ್ದು ಅರಳುವ ಸೀತಾಳೆ ದಂಡೆಯನ್ನು ಕಂಡು ಮರುಳಾಗದವರಿಲ್ಲ. ಆರ್ಕಿಡ್ಡುಗಳ ಬೀಜವು ಧೂಳಿನಂತಿದ್ದು ಅದರಲ್ಲಿ ಆಹಾರಸಂಗ್ರಹವಿಲ್ಲ. ತಕ್ಕ ಶಿಲೀಂಧ್ರವೊಂದು ನೆರವಾದರೆ ಮಾತ್ರ ಮೊಳೆಯುತ್ತದೆ, ಹೂ ಬಿಡಲು ವರ್ಷಗಳು ಹಿಡಿಯುತ್ತವೆ. ಅದನ್ನು ತೊಗಟೆಸಹಿತ ಕಿತ್ತು ಮಂಟಪಕ್ಕೆ ಸಿಕ್ಕಿಸುವವನು ಥರ್ಮೋಕೋಲ್ ಬಳಸುವವನಿಗಿಂತ ಕಡಿಮೆ ಅಪರಾಧಿಯಲ್ಲ.

ಸೊಪ್ಪಿನಬೆಟ್ಟದ ಪದ್ಧತಿ ಬಲ್ಲವರಿಗೆ ಇಲ್ಲಿನ ನ್ಯಾಯ ಸುಲಭವಾಗಿ ಅರ್ಥವಾಗುತ್ತದೆ. ಕೊಂಬೆ ಸವರುವ ಹಕ್ಕಿದೆ. ತುದಿ ಬೋಳಿಸುವ ಹಕ್ಕಿಲ್ಲ, ಅದೇ ಮರವನ್ನು ಮರುವರ್ಷ ಮುಟ್ಟುವಂತಿಲ್ಲ. ನಗರದ ಚಪ್ಪರಕ್ಕೂ ಇದೇ ಅಳತೆ ಸಾಕು. ರಸ್ತೆಬದಿಯ ಹೊಂಗೆಯ ಸವರಿದ ಕೊಂಬೆ, ಮನೆಯ ಮಾವಿನ ಎಲೆ, ಗೊನೆ ಕೊಯ್ದ ಬಾಳೆಯ ಕಂಬ, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಅಮ್ಮನ, ಅತ್ತೆಯ ಹಳೆಯ ಸೀರೆಗಳು. ಸೀರೆಗಳನ್ನು ಕತ್ತರಿಸದೆ ನೆರಿಗೆ ಹಿಡಿದು ಹಿನ್ನೆಲೆಗೆ ಕಟ್ಟಿದರೆ ಮರುದಿನ ಮತ್ತೆ ಪೆಟ್ಟಿಗೆ ಸೇರುತ್ತವೆ. ಅಷ್ಟು ಚೆಲುವಾದ ಹಿನ್ನೆಲೆ ಬಾಡಿಗೆಗೆ ಸಿಗುವುದೂ ಇಲ್ಲ.

ಊಟದೆಲೆಯ ಬಗ್ಗೆ ಒಂದು ಮಾತು. ಮಲೆನಾಡಿನಿಂದ ನಗರಕ್ಕೆ ಹೋಗುವ ಹಾಳೆತಟ್ಟೆಯನ್ನು ಎಲ್ಲರೂ ಮೆಚ್ಚಿದ್ದಾರೆ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆಯ ಅಂಶಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣ ನೀಡಿ ಇವುಗಳ ಮೇಲೆ ಆಮದು ನಿರ್ಬಂಧ ಹೇರಿತು. ಇದು ಬೆಳೆಗಾರರಿಗೆ ಕಹಿ ಸುದ್ದಿ, ಆದರೂ ಮುಚ್ಚಿಡತಕ್ಕದ್ದಲ್ಲ. ಬಿಸಿ ಸಾರಿನ ಪಂಕ್ತಿಗೆ ಬಾಳೆಎಲೆಯೋ ಕಡ್ಡಿಯಿಂದ ಚುಚ್ಚಿದ ಮುತ್ತುಗದ ಎಲೆಯೋ ಇರಲಿ.

ಈ ಕೆಲಸಗಳನ್ನೆಲ್ಲ ಮಾಡುವವರಾರು? ಹಿಂದೆ ಚಪ್ಪರವೆಂದರೆ ಊರಿನ ಮುಯ್ಯಿ. ಇಂದು ನಿಮ್ಮ ಚಪ್ಪರಕ್ಕೆ ಬಂದವರ ಚಪ್ಪರಕ್ಕೆ ನಾಳೆ ನೀವು ಹೋಗುತ್ತಿದ್ದಿರಿ. ಬಡಾವಣೆಯ ಮನೆಯಲ್ಲಿ ಕೈಕೆಲಸವೆಂದರೆ ಸಾಮಾನ್ಯವಾಗಿ ಮದುಮಗಳು, ಅವಳ ತಾಯಿ, ಚಿಕ್ಕಮ್ಮ ರಾತ್ರಿ ಒಂದು ಗಂಟೆಯವರೆಗೆ ಕೂತು ಕಟ್ಟುವುದು, ಗಂಡಸರು ಮೆಚ್ಚುವುದು. ಮದುಮಗನೂ ಅವನ ಗೆಳೆಯರೂ ಗರಿ ಹೆಣೆಯಲು, ಮಡಕೆಗೆ ಸುಣ್ಣ ಬಳಿಯಲು ಕುಳಿತುಕೊಳ್ಳದಿದ್ದರೆ ಈ ಪದ್ಧತಿ ಹೆಚ್ಚು ದಿನ ಬಾಳುವುದಿಲ್ಲ. ಹೂ ಕಟ್ಟುವವರನ್ನು ಕರೆದರೆ ಮೊಳದ ಲೆಕ್ಕದಲ್ಲಿ ಚೌಕಾಸಿ ಮಾಡದೆ ದಿನದ ಕೂಲಿ ಕೊಡುವುದು ನ್ಯಾಯ.

ಮದುವೆಯ ಮರುದಿನವನ್ನೂ ಯೋಜನೆಯಲ್ಲಿ ಸೇರಿಸಬೇಕು. ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭವನ್ನು ಪರವಾನಗಿಯಿಲ್ಲದ ಸ್ಥಳದಲ್ಲಿ ನಡೆಸುವವರು ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಿ, ಕಸವನ್ನು ಮೂಲದಲ್ಲೇ ವಿಂಗಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದ್ದವು. ಹಾಗೆ ತಿಳಿಸಿದ ಮದುವೆಮನೆಗಳು ವಿರಳ. ಬಾಡಿದ ಮಾಲೆಗಳನ್ನು ಪವಿತ್ರವೆಂದು ಕೆರೆಗೆ ಎಸೆಯುವವರಿದ್ದಾರೆ. ಕೊಳೆಯುವ ಹೂವು ನೀರಿನ ಆಮ್ಲಜನಕವನ್ನು ಕಬಳಿಸುತ್ತದೆ; ಮೀನು ಉಸಿರುಗಟ್ಟುತ್ತದೆ. ಮಾಲೆಯ ದಾರ ಹತ್ತಿಯದೋ ಬಾಳೆನಾರಿನದೋ ಆಗಿದ್ದರೆ ಇಡಿಯಾಗಿ ಗೊಬ್ಬರದ ಗುಂಡಿಗೆ ಹಾಕಬಹುದು, ನೈಲಾನ್ ಆಗಿದ್ದರೆ ಒಂದೊಂದೇ ಬಿಡಿಸಬೇಕು. ಬಾಳೆಕಂಬವನ್ನು ಕತ್ತರಿಸಿದರೆ ಯಲಹಂಕದ ಸುತ್ತಿನ ಹಸುಗಳಿಗೆ ಮೇವು. ತಾರಸಿಯಲ್ಲಿ ಬೆಳೆದ ಆಸ್ಟರ್‌ನಲ್ಲಿ ಕೊಯ್ಯದೆ ಬಿಟ್ಟ ಕೆಲವು ಹೂಗಳು ಒಣಗಿದಾಗ ಬೀಜ ಸಿಗುತ್ತದೆ. ಅದು ಬಹುಮಟ್ಟಿಗೆ ಸ್ವಪರಾಗಸ್ಪರ್ಶದ ಸಸ್ಯವಾದ್ದರಿಂದ ತಳಿ ಕೆಡುವುದಿಲ್ಲ. ಕಾಗದದ ಪೊಟ್ಟಣದಲ್ಲಿ ಕಟ್ಟಿ, ಬಂದು ದುಡಿದವರ ಮನೆಗಳಿಗೆ ಹಂಚಬಹುದು. ಮೊಳೆಯುವ ಶಕ್ತಿ ಬೇಗ ಕುಂದುವುದರಿಂದ ವರ್ಷದೊಳಗೆ ಬಿತ್ತಿಬಿಡಬೇಕೆಂದು ಪೊಟ್ಟಣದ ಮೇಲೆ ಬರೆಯುವುದನ್ನು ಮರೆಯಬಾರದು.