ಲಿನಕ್ಸ್‌ನಲ್ಲಿ ಆಡಿದ್ರೆ ಮೋಸಗಾರರಾ?

ಇವತ್ತಿನ ವಿಷಯ ಗೇಮಿಂಗ್. ಗೇಮ್ ಆಡದೇ ಇರೋರೂ ಸ್ವಲ್ಪ ಕೇಳಿ, ಯಾಕಂದ್ರೆ ಇದು ದುಡ್ಡು ಕೊಟ್ಟು ಕೊಂಡಿದ್ದು ನಿಜವಾಗ್ಲೂ ನಮ್ಮದಾ ಅನ್ನೋ ಪ್ರಶ್ನೆನೂ ಹೌದು.

2020ರ ಜನವರಿಯಲ್ಲಿ ಬ್ಯಾಟಲ್‌ಫೀಲ್ಡ್ 5 ಆಡ್ತಿದ್ದ ಕೆಲವರು ತಮ್ಮನ್ನ ಶಾಶ್ವತವಾಗಿ ಬ್ಯಾನ್ ಮಾಡಿದ್ದಾರೆ ಅಂತ ದೂರು ಹೇಳಿದ್ರು. ಇವರು ಲಿನಕ್ಸ್‌ನಲ್ಲಿ ಆಡ್ತಿದ್ದವರು. ವಿಂಡೋಸ್‌ಗೆ ಮಾಡಿದ ಗೇಮ್ ಲಿನಕ್ಸ್‌ನಲ್ಲಿ ಓಡಬೇಕಂದ್ರೆ ನಡುವೆ ಒಬ್ಬ ದುಭಾಷಿ ಬೇಕು. ವೈನ್, ವಾಲ್ವ್ ಕಂಪನಿ 2018ರಲ್ಲಿ ತಂದ ಪ್ರೋಟಾನ್, ಡಿಎಕ್ಸ್‌ವಿಕೆ, ಇವೆಲ್ಲ ಆ ಕೆಲಸ ಮಾಡುತ್ವೆ. ಆಟಗಾರರ ಅನುಮಾನ ಹೋಗಿದ್ದು ಡಿಎಕ್ಸ್‌ವಿಕೆ ಕಡೆಗೆ. ಅದು ಗ್ರಾಫಿಕ್ಸ್‌ನ ಮೂಲ ಫೈಲ್ ಇರೋ ಜಾಗದಲ್ಲಿ ತನ್ನ ಫೈಲ್ ಕೂರಿಸುತ್ತೆ. ಗೋಡೆ ಆಚೆ ಇರೋ ಶತ್ರುವನ್ನ ತೋರಿಸೋ ಚೀಟ್‌ಗಳೂ ಹೀಗೇ ಫೈಲ್ ಬದಲಾಯಿಸಬಹುದು. ಉದ್ದೇಶ ಬೇರೆ, ಆದ್ರೆ ಯಂತ್ರಕ್ಕೆ ಉದ್ದೇಶ ಕಾಣೋಲ್ಲ.

ಯಂತ್ರ ತಪ್ಪೋದು ಲಿನಕ್ಸ್ ವಿಚಾರದಲ್ಲಿ ಮಾತ್ರ ಅಲ್ಲ. 2023ರಲ್ಲಿ ಎಎಮ್‌ಡಿ ತನ್ನ ಡ್ರೈವರ್‌ನಲ್ಲಿ ಆಂಟಿ-ಲ್ಯಾಗ್ ಪ್ಲಸ್ ಅನ್ನೋ ಸೌಲಭ್ಯ ಕೊಡ್ತು. ವಿಂಡೋಸ್‌ನಲ್ಲೇ ಅದನ್ನ ಆನ್ ಮಾಡಿ ಕೌಂಟರ್-ಸ್ಟ್ರೈಕ್ 2 ಆಡಿದವರೂ ಬ್ಯಾನ್ ಆದ್ರು. ಎಎಮ್‌ಡಿ ದೊಡ್ಡ ಕಂಪನಿ, ಗಲಾಟೆ ಆಯ್ತು, ಸರಿಹೋಯ್ತು. ಲಿನಕ್ಸ್ ಆಟಗಾರರು ಕಮ್ಮಿ. ಅವರ ಪರವಾಗಿ ಫೋನ್ ಎತ್ತೋರು ಯಾರು?

ಈಗ ಕಂಪನಿಗಳ ಮಾತನ್ನೂ ಕೇಳೋಣ. 2024ರ ಅಕ್ಟೋಬರ್ ಕೊನೆಯಲ್ಲಿ ಏಪೆಕ್ಸ್ ಲೆಜೆಂಡ್ಸ್ ಲಿನಕ್ಸ್‌ಗೆ ಬಾಗಿಲು ಹಾಕ್ತು, ಸ್ಟೀಮ್ ಡೆಕ್ ಕೂಡ ಸೇರಿ. ಕಾರಣ ಏನು ಕೊಟ್ರು? ಲಿನಕ್ಸ್ ಮುಕ್ತ ವ್ಯವಸ್ಥೆ, ಅಲ್ಲಿ ಚೀಟ್ ಹಿಡಿಯೋದು ಕಷ್ಟ, ಸ್ಟೀಮ್ ಡೆಕ್ ಅಂತ ಸುಳ್ಳು ಹೇಳಿಕೊಂಡು ಬರೋ ಚೀಟ್‌ನ ಗುರುತಿಸೋಕೆ ಆಗ್ತಿಲ್ಲ ಅಂತ. ಇದರಲ್ಲಿ ಹುರುಳಿಲ್ಲ ಅಂತ ನಾನು ಹೇಳೋಲ್ಲ. ಪ್ರತಿ ಮ್ಯಾಚ್‌ನಲ್ಲೂ ಒಬ್ಬ ಮೋಸಗಾರ ಇದ್ರೆ ಆ ಗೇಮ್ ಯಾರು ಆಡ್ತಾರೆ?

ಆದ್ರೆ ಇಲ್ಲಿ ಒಂದು ವ್ಯತ್ಯಾಸ ಇದೆ. ಬಾಗಿಲಲ್ಲೇ ತಡೆಯೋದು ಬೇರೆ, ಒಳಗೆ ಬಿಟ್ಟು ಆಮೇಲೆ ಕಳ್ಳ ಅಂತ ಹಣೆಪಟ್ಟಿ ಕಟ್ಟೋದು ಬೇರೆ. ಏಪೆಕ್ಸ್ ಮಾಡಿದ್ದು ಮೊದಲನೇದು. ಬೇಜಾರಾಗುತ್ತೆ, ಆದ್ರೆ ಹೆಸರು ಕೆಡೋಲ್ಲ. ಡೆಸ್ಟಿನಿ 2 ಇನ್ನೊಂದು ಥರ: ಪ್ರೋಟಾನ್‌ಗೆ ಬೆಂಬಲ ಇಲ್ಲ, ತಡೆ ದಾಟೋಕೆ ನೋಡಿದ್ರೆ ಬ್ಯಾನ್ ಅಂತ 2022ರಲ್ಲೇ ಹೇಳಿದ್ರು. ಕಠಿಣ, ಆದ್ರೆ ಮೊದಲೇ ಹೇಳಿದ್ದಾರೆ. ಹೇಳದೇ ಕೇಳದೇ ಬ್ಯಾನ್ ಮಾಡಿ, ಮೇಲ್ಮನವಿಗೂ ಸಿದ್ಧ ಉತ್ತರ ಕಳಿಸೋದಿದೆಯಲ್ಲ, ಅದು ಅನ್ಯಾಯ.

ನಾನು ಓದಿದ್ದು ಬಿ.ಕಾಂ., ಹಾಗಾಗಿ ನನಗೆ ಇದು ಕಾಂಟ್ರ್ಯಾಕ್ಟ್ ಪ್ರಶ್ನೆಯಾಗೇ ಕಾಣುತ್ತೆ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಅನ್ಯಾಯದ ಒಪ್ಪಂದ’ ಅನ್ನೋ ಪರಿಕಲ್ಪನೆ ಇದೆ. ಸರಿಯಾದ ಕಾರಣ ಇಲ್ಲದೆ ಒಂದೇ ಕಡೆಯವರು ಒಪ್ಪಂದ ಮುರಿಯೋ ಅಧಿಕಾರ ಇಟ್ಟುಕೊಳ್ಳೋದೂ ಅದರೊಳಗೆ ಬರುತ್ತೆ. ಯಂತ್ರದ ಅನುಮಾನ ಒಂದೇ ‘ಸರಿಯಾದ ಕಾರಣ’ ಆಗುತ್ತಾ? ಆಗಬಾರದು ಅನ್ನೋದು ನನ್ನ ವಾದ. ಅಕೌಂಟ್ ಕಿತ್ತುಕೊಳ್ಳೋ ಮೊದಲು ಒಬ್ಬ ಮನುಷ್ಯ ನೋಡಲಿ, ಕಾರಣ ಬರೆದು ಕೊಡಲಿ. ಇದೇನು ದೊಡ್ಡ ಬೇಡಿಕೆ ಅಲ್ಲ.

ಅಲ್ಲಿವರೆಗೆ ನಮ್ಮ ಕೈಲಿ ಆಗೋದು ಇಷ್ಟು. ಆನ್‌ಲೈನ್ ಗೇಮ್ ಕೊಳ್ಳೋ ಮೊದಲು ಅದರ ಆಂಟಿ-ಚೀಟ್ ಲಿನಕ್ಸ್‌ಗೆ ಒಪ್ಪುತ್ತಾ ಅಂತ ಪ್ರೋಟಾನ್‌ಡಿಬಿಯಲ್ಲಿ ನೋಡಿ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಆಟ 2 ಗಂಟೆ ಮೀರದಿದ್ರೆ ಸಾಮಾನ್ಯವಾಗಿ ದುಡ್ಡು ವಾಪಸ್ ಸಿಗುತ್ತೆ. ತಡೆ ದಾಟಿಸೋ ಅಡ್ಡದಾರಿಗಳಿಗೆ ಕೈ ಹಾಕಬೇಡಿ, ನಿಮ್ಮ ವಾದವೇ ಬಿದ್ದುಹೋಗುತ್ತೆ. ಬ್ಯಾನ್ ಆದ್ರೆ ಬಿಲ್, ಬ್ಯಾನ್ ಮೇಲ್, ಸ್ಕ್ರೀನ್‌ಶಾಟ್ ಎಲ್ಲಾ ತೆಗೆದಿಟ್ಟುಕೊಳ್ಳಿ.

ನಿಮಗೂ ಹೀಗೆ ಆಗಿದ್ರೆ ನನಗೆ ಬರೆದು ಕಳಿಸಿ.