ತೊಗಲಿಗೆ ಮೈಲಿಗೆ, ಗೊಂಬೆಗೆ ಗಾಜಿನ ಪೆಟ್ಟಿಗೆ
(ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಚಳಿಗಾಲ ಬಂತೆಂದರೆ ಬೆಂಗಳೂರಿನಲ್ಲಿ ಚಿತ್ರಗಳ ಕಾಲ. 1960ರಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು ಶುರು ಮಾಡಿದ ಚಿತ್ರಸಂತೆ, ಜನವರಿಯಲ್ಲಿ ಕುಮಾರಕೃಪಾ ರಸ್ತೆಯನ್ನೆಲ್ಲ ತುಂಬಿಕೊಳ್ಳುತ್ತದೆ. ಟಿಕೇಟಿಲ್ಲ. ನಾವೂ ಹೋಗೋಣ.

ಹೋದವರು ರಸ್ತೆ ನೋಡಿ ವಾಪಸ್ ಬರೋದು ಬೇಡ. ಪರಿಷತ್ತಿನ ಒಳಗೆ ತೊಗಲುಗೊಂಬೆಗಳ ಸಂಗ್ರಹವಿದೆ. ಆ ದಿನ ಆಗದಿದ್ದರೆ ಇನ್ನೊಂದು ದಿನ ನೋಡೋಣ. ರಾಮನೂ ತೊಗಲೇ, ರಾವಣನೂ ತೊಗಲೇ. ಆ ತೊಗಲನ್ನು ನೆನೆಹಾಕಿ, ಕೂದಲು ಹೆರೆದು, ದೀಪದ ಬೆಳಕು ತೂರುವಷ್ಟು ತೆಳ್ಳಗೆ ಮಾಡಿ, ತೂತು ಕೊರೆದು, ಬಣ್ಣ ತುಂಬಿದವರು ಊರೂರು ಅಲೆದ ಕಿಳ್ಳೇಕ್ಯಾತರು.

ನಮ್ಮ ಕೇರಿಯಲ್ಲಿ ತೊಗಲು ಹದ ಮಾಡಿದರೆ ನಾತ, ಮೈಲಿಗೆ. ಅದೇ ತೊಗಲು ಗಾಜಿನ ಪೆಟ್ಟಿಗೆಯೊಳಗೆ ಕೂತರೆ ಕಲೆ, ಪರಂಪರೆ! ತೊಗಲು ಬದಲಾಗಲಿಲ್ಲ, ದುಡಿದ ಕೈ ಬದಲಾಗಲಿಲ್ಲ. ಬದಲಾದದ್ದು ಇಟ್ಟ ಜಾಗ ಮಾತ್ರ.

ಕಲೆ ನಮಗ್ಯಾಕೆ, ಮೊದಲು ಅನ್ನ ಬೇಕು ಅನ್ನೋರು ನಮ್ಮಲ್ಲೂ ಇದ್ದಾರೆ. ಅನ್ನ ಬೇಕು, ನಿಜ. ಆದರೆ ದುಡಿದವರ ಹೆಸರು ಅಳಿಸಿದವರು ನಾಳೆ ಕೂಲಿಯನ್ನೂ ಅಳಿಸುತ್ತಾರೆ.

ಅದಕ್ಕೇ ಯಾವ ಗ್ಯಾಲರಿಗೆ ಹೋದರೂ ಚಿತ್ರದ ಕೆಳಗಿನ ಚೀಟಿ ಓದೋಣ. ರಾಜನ ಹೆಸರಿದೆ, ಕೊಂಡವರ ಹೆಸರಿದೆ, ಮಾಡಿದವರ ಹೆಸರೆಲ್ಲಿ? ಇಲ್ಲದಿದ್ದರೆ ಕೇಳೋಣ, ಬರೆದುಕೊಟ್ಟು ಬರೋಣ. ಹಾಗೇ ನಮ್ಮ ಹಾಸ್ಟೆಲಿನ ಗೋಡೆಗೆ ನಮ್ಮ ಹುಡುಗ ಹುಡುಗೀರ ಚಿತ್ರ ಅಂಟಿಸೋಣ. ಕೆಳಗೆ ಅವರ ಹೆಸರು, ಅವರೂರಿನ ಹೆಸರು ದಪ್ಪಕ್ಷರದಲ್ಲಿರಲಿ.

ಜೈ ಭೀಮ್.